ಹಿಮ ಬೀಳದ ನಾಡಿನಿಂದ ಸ್ಕೀ ರೇಸಿಂಗ್‌ಗೆ: ಹೊರಡುವವರಿಗೊಂದು ಮಾರ್ಗದರ್ಶಿ

ಉಷ್ಣವಲಯದ ನಾಡುಗಳಲ್ಲಿ ಹುಟ್ಟಿ ಬೆಳೆದವರು ಸ್ಕೀ ಸ್ಪರ್ಧೆಗಳಿಗೆ ಇಳಿಯುವುದು ಈಗ ಹೊಸ ಸಂಗತಿಯೇನಲ್ಲ. ಸೆನೆಗಲ್ ದೇಶದ ಲಮೀನ್ ಗೇ 1984ರ ಸರಾಯೆವೊ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಭಾಗವಹಿಸಿದರು. ಕೆನ್ಯಾದ ಓಟಗಾರ ಫಿಲಿಪ್ ಬೋಯಿಟ್ 1998ರಲ್ಲಿ ನಾಗಾನೋದ 10 ಕಿ.ಮೀ. ಕ್ರಾಸ್-ಕಂಟ್ರಿ ಸ್ಕೀ ಸ್ಪರ್ಧೆಯನ್ನು ಎಲ್ಲರಿಗಿಂತ ಕೊನೆಯಲ್ಲಿ ಮುಗಿಸಿದಾಗ, ಅದನ್ನು ಗೆದ್ದಿದ್ದ ನಾರ್ವೆಯ ಬಿಯಾರ್ನ್ ಡೇಲಿ ಅವರಿಗಾಗಿ ಕಾದು ನಿಂತು ಅಪ್ಪಿಕೊಂಡರು. ಘಾನಾದ ಕ್ವಾಮೆ ಎನ್‌ಕ್ರುಮಾ-ಅಚಿಂಪಾಂಗ್ ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನ ಒಳಾಂಗಣ ಹಿಮಕೇಂದ್ರದಲ್ಲಿ ಕೆಲಸಕ್ಕಿದ್ದಾಗ ಸ್ಕೀ ಕಲಿತು, 2010ರ ವ್ಯಾಂಕೂವರ್‌ನಲ್ಲಿ ಸ್ಲಾಲಂ ಸ್ಪರ್ಧೆಯನ್ನು ಪೂರ್ತಿಗೊಳಿಸಿದರು. ಭಾರತದಿಂದ ಮೊದಲ ಬಾರಿಗೆ ಚಳಿಗಾಲದ ಒಲಿಂಪಿಕ್ಸ್‌ಗೆ ಹೋದ ಜೆರೆಮಿ ಬುಜಾಕೋವ್ಸ್ಕಿ ಕೂಡ 1964ರ ಇನ್ಸ್‌ಬ್ರುಕ್‌ನಲ್ಲಿ ಕಣಕ್ಕಿಳಿದದ್ದು ಆಲ್ಪೈನ್ ಸ್ಕೀ ಪಟುವಾಗಿಯೇ. ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದುಕೊಟ್ಟಿದ್ದಾರೆ. 2025ರಲ್ಲಿ ಚಿಲಿ ದೇಶದಲ್ಲಿ ನಡೆದ ಅಂತಾರಾಷ್ಟ್ರೀಯ ಕ್ರಾಸ್-ಕಂಟ್ರಿ ಸ್ಪರ್ಧೆಯಲ್ಲಿ ಕಂಚು ಗೆದ್ದಿದ್ದಾರೆ.

ಆದ್ದರಿಂದ ಇದು ಸಾಧ್ಯವೇ ಎಂದು ಕೇಳುವ ಅಗತ್ಯವಿಲ್ಲ. ಕೇಳಬೇಕಾದದ್ದು, ಮುಂದಿನ ನಾಲ್ಕೈದು ವರ್ಷಗಳಲ್ಲಿ ನೀವು ಎಷ್ಟು ದಿನ ಹಿಮದ ಮೇಲೆ ಇರಬಲ್ಲಿರಿ ಎಂಬುದನ್ನು. ಆಸ್ಟ್ರಿಯದ ಒಬ್ಬ ಹಳ್ಳಿ ಹುಡುಗನಿಗೂ ಹುಬ್ಬಳ್ಳಿಯ ಹುಡುಗನಿಗೂ ಮೈಕಟ್ಟಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಅವನು ನಡೆಯಲು ಕಲಿತ ಸ್ವಲ್ಪ ಕಾಲಕ್ಕೇ ಸ್ಕೀ ಹಾಕಿಕೊಂಡು ಪ್ರತಿ ವರ್ಷ ತಿಂಗಳುಗಟ್ಟಲೆ ಇಳಿಜಾರಿನಲ್ಲಿ ಕಳೆದಿರುತ್ತಾನೆ ಎಂಬುದೊಂದೇ ನಿಜವಾದ ಅಂತರ. ಹಣ, ಸಲಕರಣೆ, ವೀಸಾ, ತರಬೇತುದಾರರ ಆಯ್ಕೆ, ಊರಿನಲ್ಲಿ ಮಾಡುವ ವ್ಯಾಯಾಮ, ಇವೆಲ್ಲವನ್ನೂ ಹಿಮದ ಮೇಲಿನ ದಿನಗಳನ್ನು ಹೆಚ್ಚಿಸುತ್ತವೆಯೇ, ಸಿಕ್ಕ ದಿನಗಳನ್ನು ಸಾರ್ಥಕಗೊಳಿಸುತ್ತವೆಯೇ ಎಂಬ ಒಂದೇ ಅಳತೆಗೋಲಿನಿಂದ ನೋಡಬೇಕು. ಈ ಲೇಖನದಲ್ಲಿ ಹೇಳಿರುವ ಹೆಜ್ಜೆಗಳ ಅನುಕ್ರಮವೂ ಆ ಅಳತೆಯಿಂದಲೇ ಬಂದಿದೆ.

ಮೊದಲು ವಿಭಾಗವನ್ನು ಆರಿಸಿಕೊಳ್ಳಿ

ಸ್ಕೀ ರೇಸಿಂಗ್ ಎಂದಾಗ ನಮ್ಮ ಕಣ್ಣ ಮುಂದೆ ಬರುವುದು ಆಲ್ಪೈನ್, ಅಂದರೆ ಇಳಿಜಾರಿನಲ್ಲಿ ಕಂಬ ನೆಟ್ಟು ಮಾಡಿದ ಗೇಟುಗಳ ನಡುವೆ ವೇಗವಾಗಿ ಇಳಿಯುವ ಸ್ಪರ್ಧೆ. ಇದರಲ್ಲಿ ಸ್ಲಾಲಂ, ಜೈಂಟ್ ಸ್ಲಾಲಂ, ಸೂಪರ್-ಜಿ ಮತ್ತು ಡೌನ್‌ಹಿಲ್ ಎಂಬ ನಾಲ್ಕು ಮುಖ್ಯ ಬಗೆಗಳಿವೆ. ಡೌನ್‌ಹಿಲ್‌ನಲ್ಲಿ ವೇಗವು ಗಂಟೆಗೆ 120 ಕಿ.ಮೀ. ದಾಟುವುದು ಸಾಮಾನ್ಯವಾದ್ದರಿಂದ, ತಡವಾಗಿ ಕಲಿಯಲು ತೊಡಗಿದವರು ಅದನ್ನೂ ಸೂಪರ್-ಜಿಯನ್ನೂ ಸಂಪೂರ್ಣವಾಗಿ ಬದಿಗಿಡಬೇಕು. ಇದರಲ್ಲಿ ರಾಜಿಯ ಮಾತಿಲ್ಲ. ಗೇಟುಗಳು ಹತ್ತಿರ ಹತ್ತಿರ ಇರುವ ಸ್ಲಾಲಂ ಮತ್ತು ಸ್ವಲ್ಪ ದೂರ ದೂರ ಇರುವ ಜೈಂಟ್ ಸ್ಲಾಲಂ, ಇವೆರಡೇ ನಮ್ಮಂಥವರಿಗೆ ತಕ್ಕವು.

ಇನ್ನೊಂದು ದಾರಿ ಕ್ರಾಸ್-ಕಂಟ್ರಿ. ಇದು ಏರಿಳಿತದ ಹಾದಿಯಲ್ಲಿ ಕಿಲೋಮೀಟರ್‌ಗಟ್ಟಲೆ ಸಾಗುವ, ಹೃದಯ ಮತ್ತು ಶ್ವಾಸಕೋಶಗಳ ಸಾಮರ್ಥ್ಯವನ್ನು ಒರೆಗೆ ಹಚ್ಚುವ ಸ್ಪರ್ಧೆ. ಇದರ ದೊಡ್ಡ ಅನುಕೂಲವೆಂದರೆ ರೋಲರ್ ಸ್ಕೀ ಎಂಬ ಗಾಲಿ ಜೋಡಿಸಿದ ಸಾಧನದ ಮೇಲೆ ಡಾಂಬರು ರಸ್ತೆಯಲ್ಲೇ ಬಹುಪಾಲು ತರಬೇತಿಯನ್ನು ನಡೆಸಬಹುದು. ಟೋಂಗಾ ದ್ವೀಪರಾಷ್ಟ್ರದ ಟೇಕ್ವಾಂಡೊ ಪಟು ಪೀಟಾ ತೌಫಾತೊಫುವಾ ಮುಖ್ಯವಾಗಿ ರೋಲರ್ ಸ್ಕೀಯನ್ನು ನೆಚ್ಚಿಕೊಂಡು ತಯಾರಾಗಿ, ಐಸ್‌ಲ್ಯಾಂಡಿನಲ್ಲಿ ಕೊನೆಯ ಗಳಿಗೆಯಲ್ಲಿ ಅರ್ಹತೆ ಪಡೆದು, 2018ರ ಪ್ಯೊಂಗ್‌ಚಾಂಗ್‌ನಲ್ಲಿ 15 ಕಿ.ಮೀ. ಸ್ಪರ್ಧೆಯನ್ನು ಮುಗಿಸಿದರು.

ನನ್ನ ಸಲಹೆ ಸ್ಪಷ್ಟವಾಗಿದೆ. ವಯಸ್ಸು ಇಪ್ಪತ್ತು ದಾಟಿದ್ದು, ದೂರದ ಓಟದಲ್ಲೋ ಸೈಕ್ಲಿಂಗ್‌ನಲ್ಲೋ ಪಳಗಿದವರು ಕ್ರಾಸ್-ಕಂಟ್ರಿಯ ಕಡೆಗೆ ಹೋಗಬೇಕು. ಹನ್ನೆರಡರ ಒಳಗಿನ ಮಕ್ಕಳು ಮತ್ತು ಬೆಳಗಾವಿ, ಮೈಸೂರು, ಬೆಂಗಳೂರಿನ ರಿಂಕ್‌ಗಳಲ್ಲಿ ವರ್ಷಗಳಿಂದ ಸ್ಕೇಟಿಂಗ್ ಮಾಡಿದ ಹದಿಹರೆಯದವರು ಆಲ್ಪೈನ್ ಬಗ್ಗೆ ಗಂಭೀರವಾಗಿ ಯೋಚಿಸಬಹುದು. ಗಾಲಿಯ ಮೇಲೆ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಹೊರಳಿಸುವುದು, ಪಾದವನ್ನು ಓರೆ ಮಾಡಿ ತಿರುವು ತೆಗೆದುಕೊಳ್ಳುವುದು ಈಗಾಗಲೇ ಮೈಗೂಡಿದ್ದರೆ, ಹಿಮದ ಮೇಲೆ ಕಳೆಯಬೇಕಾದ ಎಷ್ಟೋ ದಿನಗಳು ಉಳಿಯುತ್ತವೆ. ಮುಂದಿನ ವಿವರಗಳು ಹೆಚ್ಚಾಗಿ ಆಲ್ಪೈನ್ ಕುರಿತವು, ಏಕೆಂದರೆ ತಪ್ಪು ಹೆಜ್ಜೆಗಳು ಹೆಚ್ಚು ದುಬಾರಿಯಾಗುವುದು ಅಲ್ಲಿಯೇ.

ಕಲಿಕೆ: ಗೇಟುಗಳಿಗೆ ಮುಂಚೆ

ಭಾರತದಲ್ಲಿ ಸ್ಕೀ ಕಲಿಯಲು ಸರ್ಕಾರಿ ಸಂಸ್ಥೆಗಳೇ ಅಗ್ಗದ ಮತ್ತು ಭದ್ರವಾದ ಬಾಗಿಲು. ಗುಲ್ಮಾರ್ಗ್‌ನಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸ್ಕೀಯಿಂಗ್ ಅಂಡ್ ಮೌಂಟೇನಿಯರಿಂಗ್ ಇದೆ. ಪಹಲ್‌ಗಾಮ್‌ನ ಜವಾಹರ್ ಸಂಸ್ಥೆ ಮತ್ತು ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆಗಳು ಸ್ಕೀ ಶಿಬಿರಗಳನ್ನು ನಡೆಸುತ್ತವೆ. ಉತ್ತರಾಖಂಡದ ಔಲಿಯಲ್ಲಿ ಗಢವಾಲ್ ಮಂಡಲ ವಿಕಾಸ ನಿಗಮದ ತರಬೇತಿಗಳಿವೆ. ಇವುಗಳಲ್ಲಿ ಊಟ, ವಸತಿ, ಸಲಕರಣೆ ಎಲ್ಲವೂ ಶುಲ್ಕದೊಳಗೇ ಸೇರಿರುವುದು ಸಾಮಾನ್ಯ. ಸ್ಥಳಗಳು ಬೇಗ ತುಂಬಿಹೋಗುವುದರಿಂದ ಮಳೆಗಾಲ ಮುಗಿಯುವ ಹೊತ್ತಿಗೇ ಅರ್ಜಿಯ ಬಗ್ಗೆ ವಿಚಾರಿಸಬೇಕು.

ಸುಮಾರು ಎರಡು ವಾರಗಳ ಮೊದಲ ಶಿಬಿರದಲ್ಲಿ ಸ್ಕೀಗಳ ಮುಂತುದಿಯನ್ನು ಕೂಡಿಸಿ ಹಿಂತುದಿಯನ್ನು ಅಗಲಿಸಿ ವೇಗ ತಗ್ಗಿಸುವ ಸ್ನೋಪ್ಲೋ, ನಂತರ ಎರಡೂ ಸ್ಕೀಗಳನ್ನು ಸಮಾನಾಂತರವಾಗಿಟ್ಟುಕೊಂಡು ತಿರುಗುವುದು ಬರುತ್ತದೆ. ಇಷ್ಟು ಬಂದ ಕೂಡಲೇ ಗೇಟುಗಳ ನಡುವೆ ಓಡಬೇಕೆಂಬ ಆಸೆ ಹುಟ್ಟುವುದು ಸಹಜ, ಆದರೆ ಅದನ್ನು ಕನಿಷ್ಠ ಒಂದು ಪೂರ್ಣ ಋತುವಾದರೂ ತಡೆದಿಟ್ಟುಕೊಳ್ಳಬೇಕು. ಆ ಅವಧಿಯಲ್ಲಿ ಕಲಿಯಬೇಕಾದದ್ದು ಕಾರ್ವಿಂಗ್, ಅಂದರೆ ಸ್ಕೀಯನ್ನು ಜಾರಿಸದೆ ಅದರ ಲೋಹದ ಅಂಚಿನ ಮೇಲೆಯೇ ತಿರುಗುವ ಕ್ರಮ. ಇದು ಸಿದ್ಧಿಸಿದೆಯೇ ಎಂದು ತಿಳಿಯಲು ಯಾರ ಪ್ರಮಾಣಪತ್ರವೂ ಬೇಡ: ಇಳಿದಾದ ಮೇಲೆ ನಿಂತು ಹಿಂದಿರುಗಿ ನೋಡಿ. ಹಿಮದ ಮೇಲೆ ಪೆನ್ಸಿಲ್ ಗೆರೆಯಂಥ ಎರಡು ತೆಳ್ಳನೆಯ ಸಮಾನಾಂತರ ಗೆರೆಗಳು ಮೂಡಿದ್ದರೆ ಅಂಚು ಹಿಡಿದಿದೆ; ಹಿಮ ಅಗಲವಾಗಿ ಕೆರೆದು ಹೋಗಿದ್ದರೆ ಇನ್ನೂ ಜಾರುತ್ತಿದ್ದೀರಿ. ಈ ಗೆರೆಗಳು ಗಟ್ಟಿ ಹಿಮದಲ್ಲೂ ಕಡಿದಾದ ಇಳಿಜಾರಿನಲ್ಲೂ ಎರಡೂ ದಿಕ್ಕಿನ ತಿರುವುಗಳಲ್ಲೂ ಸಮನಾಗಿ ಬರುವವರೆಗೆ ಗೇಟು ಮುಟ್ಟಬಾರದು. ಆಮೇಲೂ ಮೊದಲಿಗೆ ಮೊಣಕಾಲೆತ್ತರದ ಕುಳ್ಳ ಗೇಟುಗಳು, ಅನಂತರವಷ್ಟೇ ಪೂರ್ಣ ಎತ್ತರದವು.

ನಮ್ಮ ಹಿಮಾಲಯದ ಋತು ಚಿಕ್ಕದು, ನಂಬಿಕೆಗೂ ಅರ್ಹವಲ್ಲ. ಗುಲ್ಮಾರ್ಗ್‌ನಲ್ಲಿ 2025ರ ಫೆಬ್ರವರಿಗೆ ಗೊತ್ತುಮಾಡಿದ್ದ ಖೇಲೋ ಇಂಡಿಯಾ ಕೂಟವನ್ನು ಹಿಮದ ಕೊರತೆಯಿಂದಾಗಿ ಮಾರ್ಚ್‌ಗೆ ಮುಂದೂಡಬೇಕಾಯಿತು. ಹೀಗಾಗಿ ಎರಡನೆಯ ವರ್ಷದಿಂದಲೇ ಬೇರೆ ಕಡೆಯ ಹಿಮವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಕ್ಷಿಣಾರ್ಧಗೋಳದ ಚಿಲಿ, ಅರ್ಜೆಂಟೀನಾ, ನ್ಯೂಜಿಲೆಂಡ್‌ಗಳಲ್ಲಿ ಚಳಿಗಾಲವಿರುತ್ತದೆ. ಆಸ್ಟ್ರಿಯದ ಹಿಂಟರ್‌ಟುಕ್ಸ್, ಸ್ವಿಟ್ಜರ್ಲೆಂಡಿನ ಜೆರ್ಮಾಟ್ ಮತ್ತು ಸಾಸ್-ಫೇ ಹಿಮನದಿಗಳಲ್ಲಿ ಯುರೋಪಿನ ತಂಡಗಳು ಬೇಸಿಗೆ, ಶರತ್ಕಾಲಗಳಲ್ಲೂ ಅಭ್ಯಾಸ ಮಾಡುತ್ತವೆ. ಖರ್ಚಿನ ದೃಷ್ಟಿಯಿಂದ ಬೆಂಗಳೂರು, ಮಂಗಳೂರಿನವರಿಗೆ ಹತ್ತಿರದ್ದೆಂದರೆ ದುಬೈ. 2005ರಲ್ಲಿ ತೆರೆದ ಅಲ್ಲಿಯ ಒಳಾಂಗಣ ಇಳಿಜಾರಿನ ಉದ್ದ 400 ಮೀಟರ್ ಮಾತ್ರ. ಅಲ್ಲಿ ವೇಗ ಕಲಿಯಲಾಗದು, ಆದರೆ ಸ್ಲಾಲಂ ತಿರುವಿನ ಲಯವನ್ನು ಒಂದೇ ದಿನದಲ್ಲಿ ಹಲವು ಸಲ ತಿದ್ದಿಕೊಳ್ಳಬಹುದು. ನಮ್ಮ ನಗರಗಳಲ್ಲಿರುವ ಹಿಮದ ಆಟದ ಮನೆಗಳು ಮಕ್ಕಳ ಮನರಂಜನೆಗೆ ಸರಿ, ತರಬೇತಿಗೆ ಉಪಯೋಗವಿಲ್ಲ.

ಊರಿನಲ್ಲಿ ಕಳೆಯುವ ತಿಂಗಳುಗಳು

ಸ್ಲಾಲಂನ ಒಂದು ಸುತ್ತು ಒಂದು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ, ಜೈಂಟ್ ಸ್ಲಾಲಂ ಸ್ವಲ್ಪ ಹೆಚ್ಚು. ಆ ಅವಧಿಯುದ್ದಕ್ಕೂ ತೊಡೆಯ ಸ್ನಾಯುಗಳು ಭಾರ ಹೊತ್ತುಕೊಂಡೇ ಚಾಚಿಕೊಳ್ಳುತ್ತಿರುತ್ತವೆ. ಬಹುಪಾಲು ಜಿಮ್‌ಗಳ ವ್ಯಾಯಾಮ ಮೇಲಕ್ಕೆ ಎತ್ತುವ ಬಲವನ್ನು ಬೆಳೆಸುತ್ತದೆ. ಸ್ಕೀ ರೇಸರ್‌ಗೆ ಬೇಕಾದದ್ದು ಕೆಳಗೆ ಬರುವ ಭಾರವನ್ನು ತಡೆಯುವ ಬಲ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಹತ್ತುವುದಕ್ಕಿಂತ ನಿಧಾನವಾಗಿ, ನಿಯಂತ್ರಣದಿಂದ ಇಳಿಯುವುದು ಈ ಆಟಕ್ಕೆ ಹೆಚ್ಚು ಹತ್ತಿರದ ಅಭ್ಯಾಸ ಎಂಬುದು ಕೇಳಲು ವಿಚಿತ್ರವಾದರೂ ಸತ್ಯ. ಆದರೆ ಮೊದಲ ವಾರಗಳಲ್ಲಿ ಇದನ್ನು ಮಿತವಾಗಿ ಮಾಡಬೇಕು, ಇಲ್ಲದಿದ್ದರೆ ಮಂಡಿ ಊದಿಕೊಳ್ಳುತ್ತದೆ. ಒಂಟಿ ಕಾಲಿನ ಬೈಠಕ್, ಪೆಟ್ಟಿಗೆಯಿಂದ ಜಿಗಿದು ಮೆತ್ತಗೆ ಇಳಿಯುವುದು, ಅಡ್ಡಡ್ಡ ಜಿಗಿತ, ಸೊಂಟ ಮತ್ತು ಬೆನ್ನಿನ ಬಲ, ಇವುಗಳ ಜೊತೆಗೆ ತೊಡೆಯ ಹಿಂಭಾಗದ ಸ್ನಾಯುಗಳಿಗೆ ವಿಶೇಷ ಗಮನ ಕೊಡಬೇಕು. ಆಲ್ಪೈನ್ ರೇಸರ್‌ಗಳಿಗೆ ಆಗುವ ಗಂಭೀರ ಗಾಯಗಳಲ್ಲಿ ಮಂಡಿಯ ಲಿಗಮೆಂಟ್ ಹರಿಯುವುದೇ ಮುಂಚೂಣಿಯಲ್ಲಿದೆ, ಆ ಲಿಗಮೆಂಟಿಗೆ ಆಸರೆಯಾಗುವುದು ಹಿಂದೊಡೆಯ ಸ್ನಾಯುಗಳೇ.

ಇದರೊಂದಿಗೆ ಇನ್‌ಲೈನ್ ಸ್ಕೇಟ್ ಹಾಕಿಕೊಂಡು, ಇಳಿಜಾರಾದ ಖಾಸಗಿ ಅಥವಾ ವಾಹನ ಸಂಚಾರವಿಲ್ಲದ ರಸ್ತೆಯಲ್ಲಿ ಕೋನ್‌ಗಳನ್ನಿಟ್ಟು ಸ್ಲಾಲಂ ಅಭ್ಯಾಸ ಮಾಡಬೇಕು. ಹಿಮದ ನಾಡಿನ ತಂಡಗಳೂ ಬೇಸಿಗೆಯಲ್ಲಿ ಇದನ್ನು ಮಾಡುತ್ತವೆ. ಹೆಲ್ಮೆಟ್, ಮಂಡಿ-ಮೊಣಕೈ ರಕ್ಷೆಗಳಿಲ್ಲದೆ ಮಾತ್ರ ಬೇಡ.

ಬೂಟು ಮೊದಲು, ಸ್ಕೀ ಆಮೇಲೆ

ಹಣ ಕಡಿಮೆಯಿದ್ದರೆ ಸ್ಕೀಗಳನ್ನು ಬಾಡಿಗೆಗೆ ತೆಗೆದುಕೊಳ್ಳಿ, ಬೂಟನ್ನು ಮಾತ್ರ ಸ್ವಂತಕ್ಕೆ ಕೊಳ್ಳಿ. ಕಾಲಿನ ಅಣತಿ ಸ್ಕೀಯ ಅಂಚನ್ನು ತಲುಪುವುದು ಬೂಟಿನ ಮೂಲಕ. ಅದು ಸಡಿಲವಾಗಿದ್ದರೆ ನೀವು ಕಲಿತ ವಿದ್ಯೆ ಅರ್ಧದಾರಿಯಲ್ಲೇ ಸೋರಿಹೋಗುತ್ತದೆ. ಸ್ಕೀ ಬೂಟಿನ ಅಳತೆ ಎಂದರೆ ಪಾದದ ಉದ್ದ, ಸೆಂಟಿಮೀಟರ್‌ಗಳಲ್ಲಿ. ಅಂಗಡಿಯಲ್ಲಿ ಬೂಟಿನ ಒಳಗಿನ ಮೆತ್ತನೆಯ ಲೈನರ್ ತೆಗೆಸಿ, ಬರಿಯ ಪ್ಲಾಸ್ಟಿಕ್ ಕವಚದೊಳಗೆ ಪಾದವಿಟ್ಟು, ಬೆರಳುಗಳು ಮುಂಭಾಗಕ್ಕೆ ತಾಗುವಂತೆ ಸರಿಸಿ, ಹಿಮ್ಮಡಿಯ ಹಿಂದೆ ಎಷ್ಟು ಜಾಗ ಉಳಿಯುತ್ತದೆ ಎಂದು ನೋಡಬೇಕು. ಒಂದು ಬೆರಳಿನ ದಪ್ಪದಷ್ಟಿದ್ದರೆ ರೇಸ್ ಕಲಿಯುವವರಿಗೆ ಸಾಕು. ಎರಡು ಬೆರಳು ಹಿಡಿಸಿದರೆ, ಅಂಗಡಿಯವರು ಎಷ್ಟೇ ಹಿತವಾಗಿದೆ ಎಂದರೂ, ಆ ಬೂಟು ದೊಡ್ಡದು.

ಚಪ್ಪಲಿ ಹಾಕಿಕೊಂಡೋ ಬರಿಗಾಲಲ್ಲೋ ಬೆಳೆದವರ ಪಾದದ ಮುಂಭಾಗ ಅಗಲವಾಗಿರುತ್ತದೆ. ರೇಸ್ ಬೂಟುಗಳು ಬಹಳ ಕಿರಿದಾದ ಅಚ್ಚಿನಲ್ಲಿ ತಯಾರಾಗುತ್ತವೆ. ಇದಕ್ಕೆ ಪರಿಹಾರ ಒಂದು ಅಳತೆ ದೊಡ್ಡ ಬೂಟು ಕೊಳ್ಳುವುದಲ್ಲ. ಸರಿಯಾದ ಉದ್ದದ ಬೂಟು ಕೊಂಡು, ನುರಿತ ಬೂಟು ತಂತ್ರಜ್ಞರ ಬಳಿ ಕವಚವನ್ನು ಕಾಯಿಸಿ ನೋಯುವ ಜಾಗದಲ್ಲಿ ಮಾತ್ರ ಹಿಗ್ಗಿಸಿಕೊಳ್ಳಬೇಕು. ಹೀಗೆ ಮಾಡುವವರು ನಮ್ಮಲ್ಲಿ ವಿರಳ, ಆಲ್ಪ್ಸ್‌ನ ಸ್ಕೀ ಊರುಗಳಲ್ಲಿ ಸುಲಭವಾಗಿ ಸಿಗುತ್ತಾರೆ. ಮೊದಲ ವಿದೇಶ ಪ್ರವಾಸದ ಮೊದಲ ದಿನವನ್ನು ಈ ಕೆಲಸಕ್ಕೇ ಮೀಸಲಿಡುವುದು ಜಾಣತನ. ಇನ್ನೊಂದು ಮಾತು, ಬೂಟಿನ ಪ್ಲಾಸ್ಟಿಕ್ ಚಳಿಯಲ್ಲಿ ಬಿರುಸಾಗುತ್ತದೆ. ಬೆಚ್ಚಗಿನ ಕೋಣೆಯಲ್ಲಿ ಹದವಾಗಿ ಬಾಗುವ ಬೂಟು ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಅಷ್ಟು ಸುಲಭವಾಗಿ ಬಾಗುವುದಿಲ್ಲ.

ಸ್ಪರ್ಧೆಯ ಸ್ಕೀಗಳಿಗೆ ಅಂತಾರಾಷ್ಟ್ರೀಯ ಒಕ್ಕೂಟ ಫಿಸ್ ನಿಗದಿಪಡಿಸಿದ ಅಳತೆಗಳಿವೆ. ಸ್ಲಾಲಂಗೆ ಪುರುಷರಿಗೆ ಕನಿಷ್ಠ 165 ಸೆಂ.ಮೀ., ಮಹಿಳೆಯರಿಗೆ 155 ಸೆಂ.ಮೀ.; ಜೈಂಟ್ ಸ್ಲಾಲಂಗೆ ಕ್ರಮವಾಗಿ 193 ಮತ್ತು 188 ಸೆಂ.ಮೀ., ಅದರ ಪಕ್ಕದ ಬಾಗಿನ ತ್ರಿಜ್ಯ 30 ಮೀಟರ್. ಹಳೆಯ ಸ್ಕೀ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವ ಮೊದಲು ಈ ಅಂಕಿಗಳನ್ನು ಸ್ಕೀಯ ಮೇಲೆಯೇ ಓದಿ ಖಚಿತಪಡಿಸಿಕೊಳ್ಳಬೇಕು. ಹೆಲ್ಮೆಟ್ ಮೇಲೆ ಫಿಸ್ ಮಾನ್ಯತೆಯ ಚೀಟಿ ಇಲ್ಲದಿದ್ದರೆ ಜೈಂಟ್ ಸ್ಲಾಲಂನಲ್ಲಿ ಓಡಲು ಬಿಡುವುದಿಲ್ಲ. ಬೆನ್ನಿನ ರಕ್ಷೆ, ಸ್ಲಾಲಂಗೆ ಕಣಕಾಲು, ಕೈ ಮತ್ತು ಗಲ್ಲದ ರಕ್ಷೆಗಳು ಬೇಕು. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್‌ನ ಬಿಗಿಯನ್ನು ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದಗಳಿಗೆ ತಕ್ಕಂತೆ ತಂತ್ರಜ್ಞರೇ ಹೊಂದಿಸಬೇಕು. ಸ್ಕೀಯ ತಳಕ್ಕೆ ಹಚ್ಚುವ, ಫ್ಲೋರೀನ್ ಬೆರೆತ ಮೇಣಕ್ಕೆ 2023-24ರ ಋತುವಿನಿಂದ ನಿಷೇಧವಿದೆ. ಹಳೆಯ ಕಿಟ್‌ನಲ್ಲಿ ಬಂದ ಮೇಣವನ್ನು ಬಳಸಿದರೆ ಅನರ್ಹತೆಗೆ ಗುರಿಯಾಗಬೇಕಾದೀತು.

ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಸ್ಕೀಗಳನ್ನು ಹಾಗೇ ಮೂಲೆಗಿಟ್ಟರೆ ಉಕ್ಕಿನ ಅಂಚುಗಳು ತುಕ್ಕು ಹಿಡಿಯುತ್ತವೆ. ಋತು ಮುಗಿದ ಕೂಡಲೇ ಅಂಚುಗಳನ್ನು ಒರೆಸಿ ಒಣಗಿಸಿ, ತಳಕ್ಕೂ ಅಂಚಿಗೂ ದಪ್ಪಗೆ ಮೇಣ ಹಚ್ಚಿ, ಕೆರೆಯದೆ ಹಾಗೆಯೇ ಬಿಟ್ಟು, ತೇವ ತಾಗದ ಕಡೆ ಇಡಬೇಕು. ಸ್ಕೀ ದೇಶಗಳ ಕೈಪಿಡಿಗಳಲ್ಲಿ ಇದಕ್ಕೆ ಅಷ್ಟು ಒತ್ತು ಇರುವುದಿಲ್ಲ, ನಮಗೆ ಇದು ತಪ್ಪದ ಕೆಲಸ.

ನೋಂದಣಿ, ಪೌರತ್ವ, ಔಷಧಿ

ಫಿಸ್ ಸ್ಪರ್ಧೆಗಳಿಗೆ ಯಾರೂ ಸ್ವಂತವಾಗಿ ಹೆಸರು ಕೊಡಲಾಗದು. ರಾಷ್ಟ್ರೀಯ ಒಕ್ಕೂಟದ ಮೂಲಕವೇ ಹೋಗಬೇಕು; ಭಾರತದಲ್ಲಿ ಅದು ಸ್ಕೀ ಅಂಡ್ ಸ್ನೋಬೋರ್ಡ್ ಇಂಡಿಯಾ. ಸ್ಪರ್ಧಾಳುವಿನ ಘೋಷಣಾ ಪತ್ರಕ್ಕೆ ಸಹಿ, ವಿಮೆ, ಪಾಸ್‌ಪೋರ್ಟ್ ಪ್ರತಿ ಬೇಕಾಗುತ್ತವೆ. ಫಿಸ್ ವರ್ಷ ಜುಲೈ 1ರಂದು ಆರಂಭವಾಗುತ್ತದೆ, ನೋಂದಣಿಯನ್ನು ಪ್ರತಿ ವರ್ಷ ನವೀಕರಿಸಬೇಕು. ಆಲ್ಪೈನ್ ಫಿಸ್ ಸ್ಪರ್ಧೆಗಳಿಗೆ ಆ ಋತುವಿನ ಕ್ಯಾಲೆಂಡರ್ ವರ್ಷದೊಳಗೆ ಹದಿನಾರು ತುಂಬುವವರಿಂದ ಮೇಲ್ಪಟ್ಟವರಿಗೆ ಮಾತ್ರ ಪ್ರವೇಶ. ಅದಕ್ಕಿಂತ ಚಿಕ್ಕವರು ಮಕ್ಕಳ ಸ್ಪರ್ಧೆಗಳಲ್ಲಿ, ರಾಷ್ಟ್ರೀಯ ಚಾಂಪಿಯನ್‌ಷಿಪ್ ಮತ್ತು ಖೇಲೋ ಇಂಡಿಯಾ ಕೂಟಗಳಲ್ಲಿ ಅನುಭವ ಪಡೆಯಬೇಕು. ಒಕ್ಕೂಟಗಳ ಒಳಜಗಳ, ಮಾನ್ಯತೆಯ ಗೊಂದಲಗಳು ಕ್ರೀಡಾಪಟುವಿನ ತಲೆಗೇ ಬರುವುದುಂಟು. ಭಾರತೀಯ ಒಲಿಂಪಿಕ್ ಸಂಸ್ಥೆ ಅಮಾನತಿನಲ್ಲಿದ್ದ ಕಾರಣ 2014ರ ಸೋಚಿಯ ಉದ್ಘಾಟನೆಯಲ್ಲಿ ನಮ್ಮವರು ತ್ರಿವರ್ಣದ ಬದಲು ಒಲಿಂಪಿಕ್ ಧ್ವಜದಡಿ ನಡೆಯಬೇಕಾಯಿತು. ಆದ್ದರಿಂದ ಪ್ರತಿ ಪತ್ರವ್ಯವಹಾರವನ್ನೂ ಲಿಖಿತವಾಗಿ ನಡೆಸಿ, ಪ್ರತಿಗಳನ್ನು ನಿಮ್ಮಲ್ಲಿಯೂ ಇಟ್ಟುಕೊಳ್ಳಬೇಕು.

ಅಮೆರಿಕ, ಕೆನಡಾ, ಸ್ವಿಟ್ಜರ್ಲೆಂಡ್‌ಗಳಲ್ಲಿ ನೆಲೆಸಿರುವ ಕನ್ನಡಿಗರ ಮಕ್ಕಳು ಚಿಕ್ಕಂದಿನಿಂದಲೇ ಸ್ಕೀ ಮಾಡುತ್ತಾರೆ, ಅವರಲ್ಲಿ ಭಾರತದ ಪರ ಆಡುವ ಆಸೆಯೂ ಇರುತ್ತದೆ. ಬ್ರೆಜಿಲ್‌ಗೆ 2024ರ ಡಿಸೆಂಬರ್‌ನಲ್ಲಿ ವಿಶ್ವಕಪ್ ಪೋಡಿಯಂ ತಂದುಕೊಟ್ಟ ಲೂಕಾಸ್ ಪಿನ್ಹೇರೊ ಬ್ರಾಥೆನ್ ನಾರ್ವೆಯ ವ್ಯವಸ್ಥೆಯಲ್ಲಿ ರೂಪುಗೊಂಡವರು; ತಾಯಿಯ ನಾಡಿಗಾಗಿ ಆಡಲು ಅವರಿಗೆ ಅವಕಾಶವಿತ್ತು. ಆದರೆ ಭಾರತ ಉಭಯ ಪೌರತ್ವವನ್ನು ಒಪ್ಪುವುದಿಲ್ಲ. ಓಸಿಐ ಕಾರ್ಡ್ ಪೌರತ್ವವಲ್ಲ, ಭಾರತದ ಪರ ಸ್ಪರ್ಧಿಸಲು ಭಾರತೀಯ ಪಾಸ್‌ಪೋರ್ಟೇ ಬೇಕು. ಮಗುವಿನ ಪೌರತ್ವದ ತೀರ್ಮಾನ ಮಾಡುವಾಗ ಪಾಲಕರು ಇದನ್ನು ಮೊದಲೇ ತಿಳಿದಿರಬೇಕು.

ನೋಂದಣಿಯಾದ ದಿನದಿಂದ ಉದ್ದೀಪನ ಮದ್ದಿನ ನಿಯಮಗಳೂ ಅನ್ವಯಿಸುತ್ತವೆ. ಲಡಾಖ್, ಗುಲ್ಮಾರ್ಗ್‌ಗೆ ಹೊರಟವರಿಗೆ ಎತ್ತರದ ತಲೆನೋವು ಬಾರದಿರಲೆಂದು ನೆಂಟರು, ಔಷಧಿ ಅಂಗಡಿಯವರು ಸಲೀಸಾಗಿ ಕೊಡುವ ಡಯಾಮಾಕ್ಸ್ ಮಾತ್ರೆ ಮೂತ್ರವರ್ಧಕ. ಅದು ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾದ ನಿಷೇಧಿತ ಪಟ್ಟಿಯಲ್ಲಿದೆ. ಪ್ರವಾಸಿಗರಿಗೆ ಈ ನಿಷೇಧ ಅನ್ವಯಿಸುವುದಿಲ್ಲ, ನೋಂದಾಯಿತ ಕ್ರೀಡಾಪಟುವಿಗೆ ಅದು ವರ್ಷಗಳ ನಿಷೇಧಕ್ಕೆ ಕಾರಣವಾಗಬಲ್ಲದು. ಸುಮಾರು 2,650 ಮೀಟರ್ ಎತ್ತರದ ಗುಲ್ಮಾರ್ಗ್‌ಗೆ ಒಂದೆರಡು ದಿನ ಮೊದಲೇ ತಲುಪಿ, ನೀರು ಕುಡಿಯುತ್ತ, ದೇಹ ಒಗ್ಗಿದ ಮೇಲೆ ಅಭ್ಯಾಸ ಶುರುಮಾಡುವುದೇ ಸರಿಯಾದ ಉಪಾಯ. ವೈದ್ಯಕೀಯ ಕಾರಣದಿಂದ ಯಾವುದೇ ನಿಷೇಧಿತ ಔಷಧ ಬೇಕಾದರೆ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ ನಾಡಾದಿಂದ ಮುಂಚಿತವಾಗಿ ವಿನಾಯಿತಿ ಪಡೆಯಬೇಕು.

ಅಂಕಗಳ ಲೆಕ್ಕ

ಸ್ಕೀ ರೇಸಿಂಗ್‌ನಲ್ಲಿ ಮುಂದೆ ಹೋಗುವುದು ಫಿಸ್ ಅಂಕಗಳಿಂದ, ಮತ್ತು ಇಲ್ಲಿ ಅಂಕ ಕಡಿಮೆಯಾದಷ್ಟೂ ಒಳ್ಳೆಯದು. ನಿಮ್ಮ ಸಮಯವು ವಿಜೇತರ ಸಮಯಕ್ಕಿಂತ ಶೇಕಡಾ ಎಷ್ಟು ಹೆಚ್ಚು ಎಂಬುದನ್ನು ಆಯಾ ವಿಭಾಗದ ಗುಣಾಂಕದಿಂದ ಗುಣಿಸಲಾಗುತ್ತದೆ: ಸ್ಲಾಲಂಗೆ 730, ಜೈಂಟ್ ಸ್ಲಾಲಂಗೆ 1010. ಅದಕ್ಕೆ ಆ ಸ್ಪರ್ಧೆಯ ಪೆನಾಲ್ಟಿಯನ್ನು, ಅಂದರೆ ಅಲ್ಲಿ ಓಡಿದವರ ಮಟ್ಟವನ್ನು ಸೂಚಿಸುವ ಅಂಕವನ್ನು, ಕೂಡಿಸಲಾಗುತ್ತದೆ. ಉದಾಹರಣೆಗೆ ಸ್ಲಾಲಂನಲ್ಲಿ ವಿಜೇತರ ಎರಡು ಸುತ್ತುಗಳ ಒಟ್ಟು ಸಮಯ 100 ಸೆಕೆಂಡು, ನಿಮ್ಮದು 112 ಸೆಕೆಂಡು ಎಂದಿಟ್ಟುಕೊಳ್ಳಿ. ಶೇಕಡಾ 12 ಹೆಚ್ಚು, 730ರ ಶೇ. 12 ಎಂದರೆ 87.6. ಆ ಸ್ಪರ್ಧೆಯ ಪೆನಾಲ್ಟಿ 60 ಆಗಿದ್ದರೆ ನಿಮ್ಮ ಅಂಕ 147.6, ಪೆನಾಲ್ಟಿ 80 ಆಗಿದ್ದರೆ 167.6. ಬೀಜಿಂಗ್ 2022ರ ಒಲಿಂಪಿಕ್ಸ್‌ಗೆ ಸ್ಲಾಲಂ ಮತ್ತು ಜೈಂಟ್ ಸ್ಲಾಲಂನ ಮೂಲ ಅರ್ಹತೆ ಎಂದರೆ ಐದು ಸ್ಪರ್ಧೆಗಳ ಸರಾಸರಿ 160ನ್ನು ಮೀರದಿರುವುದು. 2018ರಲ್ಲಿ ಆ ಮಿತಿ 140 ಇತ್ತು. ಅಂದರೆ 160ರ ಮಿತಿಯಲ್ಲಿ ಒಂದೇ ಓಟ ಒಂದು ಸ್ಪರ್ಧೆಯಲ್ಲಿ ಅರ್ಹತೆಯ ಒಳಗೆ, ಇನ್ನೊಂದರಲ್ಲಿ ಹೊರಗೆ. ಮಿತಿ ಪ್ರತಿ ಒಲಿಂಪಿಕ್ಸ್‌ಗೂ ಬದಲಾಗುವುದರಿಂದ ಆಯಾ ಬಾರಿಯ ದಾಖಲೆಯನ್ನೇ ಓದಬೇಕು.

ಪೆನಾಲ್ಟಿ ನಿರ್ಧಾರವಾಗುವುದು ಅಲ್ಲಿ ಬಂದು ಓಡಿದ ಉತ್ತಮ ಸ್ಪರ್ಧಿಗಳ ಅಂಕಗಳಿಂದ. ಬಲಿಷ್ಠರಿದ್ದ ಸ್ಪರ್ಧೆಯಲ್ಲಿ ಪೆನಾಲ್ಟಿ ಕಡಿಮೆ, ಆದರೆ ಅವರಿಂದ ನೀವು ಬಹಳ ಹಿಂದೆ ಉಳಿಯುತ್ತೀರಿ. ದುರ್ಬಲರ ನಡುವೆ ಅಂತರ ಕಡಿಮೆ, ಆದರೆ ಪೆನಾಲ್ಟಿ ಏರುತ್ತದೆ. ಹೀಗಾಗಿ ಸುಲಭದ ಸ್ಪರ್ಧೆ ಹುಡುಕಿಕೊಂಡು ಹೋಗುವುದರಿಂದ ಅಂದುಕೊಂಡಷ್ಟು ಲಾಭವಿಲ್ಲ. ನಮ್ಮಂಥವರಿಗೆ ಹೊಂದುವುದು ಮಧ್ಯಮ ಮಟ್ಟದ ಕೂಟಗಳು. ಟರ್ಕಿ, ಲೆಬನಾನ್, ಇರಾನ್, ಮಾಂಟೆನೆಗ್ರೊಗಳಲ್ಲಿ ಅಂಥವು ನಡೆಯುತ್ತವೆ. ಫಿಸ್ ವ್ಯವಸ್ಥೆಯಲ್ಲಿ ಎಂಟ್ರಿ ಲೀಗ್ ಎಂಬ ಪ್ರವೇಶ ಮಟ್ಟದ ಸ್ಪರ್ಧೆಗಳೂ ಇವೆ. ಮನಾಲಿಯ ಸ್ಕೀ ಪಟು ಆಂಚಲ್ ಠಾಕೂರ್ 2018ರಲ್ಲಿ ಸ್ಲಾಲಂ ಕಂಚು ಗೆದ್ದದ್ದು ಟರ್ಕಿಯ ಎರ್ಜುರುಮ್‌ನಲ್ಲಿ. ಕಾಶ್ಮೀರದ ಆರಿಫ್ ಖಾನ್ ಬೀಜಿಂಗ್‌ಗೆ ಸ್ಲಾಲಂ ಅರ್ಹತೆ ಪಡೆದದ್ದು 2021ರ ನವೆಂಬರ್‌ನಲ್ಲಿ ದುಬೈಯಲ್ಲಿ, ಜೈಂಟ್ ಸ್ಲಾಲಂ ಅರ್ಹತೆ ಮುಂದಿನ ತಿಂಗಳು ಮಾಂಟೆನೆಗ್ರೊದಲ್ಲಿ.

ಅಂಕಗಳಿಗಾಗಿ ಅಡ್ಡದಾರಿ ತೋರಿಸುವವರು ಸಿಗುತ್ತಾರೆ. ಥಾಯ್ಲೆಂಡ್ ಪರ 2014ರ ಸೋಚಿಯಲ್ಲಿ ಓಡಿದ ವಯಲಿನ್ ವಾದಕಿ ವನೆಸ್ಸಾ-ಮೇ ಅರ್ಹತೆ ಪಡೆದ ಸ್ಲೊವೇನಿಯಾದ ಕ್ರ್ವಾವೆಟ್ಸ್ ಸ್ಪರ್ಧೆಗಳಲ್ಲಿ ಅಕ್ರಮ ನಡೆದಿದೆಯೆಂದು ಫಿಸ್ ಆ ಫಲಿತಾಂಶಗಳನ್ನೇ ರದ್ದುಪಡಿಸಿತು. ಅವರ ಮೇಲೆ ಹೇರಿದ್ದ ನಿಷೇಧವನ್ನು ಕ್ರೀಡಾ ನ್ಯಾಯಮಂಡಳಿ 2015ರಲ್ಲಿ ತೆಗೆದುಹಾಕಿತು, ಅವರ ಕೈವಾಡಕ್ಕೆ ಸಾಕ್ಷ್ಯವಿಲ್ಲ ಎಂದಿತು. ಫಲಿತಾಂಶಗಳು ಮಾತ್ರ ಮರಳಿ ಬರಲಿಲ್ಲ. ತರಾತುರಿಯಲ್ಲಿ ಏರ್ಪಡಿಸಿದ, ಯಾರೋ ನಿಮಗಾಗಿಯೇ ಹೊಂದಿಸಿಕೊಟ್ಟ ಸ್ಪರ್ಧೆಯಿಂದ ದೂರವಿರಿ, ನಿಮ್ಮ ತಪ್ಪಿಲ್ಲದಿದ್ದರೂ ಹೆಸರು ಕೆಡುತ್ತದೆ.

ಹಣ ಮತ್ತು ವೀಸಾ

ದೊಡ್ಡ ಖರ್ಚು ಸಲಕರಣೆಯದ್ದಲ್ಲ, ಹಿಮದ ಊರಿನಲ್ಲಿ ತಿಂಗಳುಗಟ್ಟಲೆ ಇರುವುದರದ್ದು: ವಸತಿ, ಲಿಫ್ಟ್ ಪಾಸು, ತರಬೇತುದಾರರ ಸಂಬಳ. ಆರಿಫ್ ಖಾನ್ ಹಣದ ಕೊರತೆಯಿಂದ 2018ರ ಅವಕಾಶ ಕಳೆದುಕೊಂಡರು. ಅರ್ಹತೆ ಪಡೆದಾದ ಮೇಲೆ, 2022ರ ಜನವರಿಯಲ್ಲಿ ಕೇಂದ್ರ ಸರ್ಕಾರದ ಟಾಪ್ಸ್ ಯೋಜನೆಯಡಿ ಅವರಿಗೆ ಯುರೋಪಿನ ತರಬೇತಿ ಮತ್ತು ಸಲಕರಣೆಗಾಗಿ 17.46 ಲಕ್ಷ ರೂಪಾಯಿ ಮಂಜೂರಾಯಿತು. ಸರ್ಕಾರಿ ನೆರವು ಬರುವುದು ಬಹುಮಟ್ಟಿಗೆ ಹೀಗೆ ಕೊನೆಯ ಹಂತದಲ್ಲಿ. ಮೊದಲ ಮೂರು ವರ್ಷಗಳ ಖರ್ಚಿಗೆ ಮನೆಯವರು, ಊರಿನವರು, ಉದ್ಯಮಗಳ ಸಾಮಾಜಿಕ ಹೊಣೆಗಾರಿಕೆಯ ನಿಧಿ ಅಥವಾ ಸ್ವಂತ ದುಡಿಮೆಯನ್ನೇ ಅವಲಂಬಿಸಬೇಕಾಗುತ್ತದೆ. ಸ್ಕೀ ಊರಿನಲ್ಲಿ ಒಬ್ಬರೇ ಖಾಸಗಿ ತರಬೇತುದಾರರನ್ನು ಇಟ್ಟುಕೊಳ್ಳುವ ಬದಲು ಬೇರೆ ಸಣ್ಣ ದೇಶಗಳ ಪಟುಗಳೊಂದಿಗೆ ಸೇರಿ ಒಬ್ಬರನ್ನು ನೇಮಿಸಿಕೊಂಡರೆ ಅದೇ ಹಣಕ್ಕೆ ಹೆಚ್ಚು ದಿನಗಳು ಸಿಗುತ್ತವೆ.

ಷೆಂಗೆನ್ ವೀಸಾದಲ್ಲಿ ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಅಕ್ಟೋಬರ್‌ನಲ್ಲಿ ಹಿಮನದಿಯ ಅಭ್ಯಾಸಕ್ಕೆ ಹೋಗಿ ಒಂದೂವರೆ ತಿಂಗಳು ಕಳೆದವರಿಗೆ ಜನವರಿ, ಫೆಬ್ರವರಿಯ ಸ್ಪರ್ಧಾ ಕಾಲದಲ್ಲಿ ದಿನಗಳು ಮುಗಿದುಹೋಗುವ ಅಪಾಯವಿದೆ. ಮಾಂಟೆನೆಗ್ರೊ, ಬೋಸ್ನಿಯಾ, ಸರ್ಬಿಯಾ, ಟರ್ಕಿ ಈ ವಲಯದ ಹೊರಗಿವೆ, ಅಲ್ಲಿ ಕಳೆದ ದಿನಗಳು 90ರ ಲೆಕ್ಕಕ್ಕೆ ಸೇರುವುದಿಲ್ಲ. ಸ್ಪರ್ಧೆಗಳ ಪಟ್ಟಿ ಮಾಡುವಾಗ ಪಕ್ಕದಲ್ಲಿ ವೀಸಾ ದಿನಗಳ ಲೆಕ್ಕವನ್ನೂ ಬರೆದುಕೊಳ್ಳಿ. ಭಾರತದಿಂದ ಹೊರಡುವಾಗ ವಿಮಾನನಿಲ್ದಾಣದ ಕಸ್ಟಮ್ಸ್‌ನಲ್ಲಿ ಸಲಕರಣೆಗಳನ್ನು ತೋರಿಸಿ ಪ್ರಮಾಣಪತ್ರ ಪಡೆದರೆ ಮರಳುವಾಗ ಸುಂಕದ ತಕರಾರು ಇರುವುದಿಲ್ಲ.

ಸ್ಪರ್ಧೆಯ ದಿನ

ಮೊದಲ ಫಿಸ್ ಸ್ಪರ್ಧೆಯಲ್ಲಿ ನಿಮ್ಮ ಗುರಿ ಎರಡೂ ಸುತ್ತುಗಳನ್ನು ಪೂರ್ತಿ ಮುಗಿಸುವುದು, ಅಷ್ಟೇ. ಬೀಜಿಂಗ್‌ನ ಜೈಂಟ್ ಸ್ಲಾಲಂ ದಿನ ಹಿಮ ಸುರಿಯುತ್ತಿತ್ತು, ದಾರಿ ಸರಿಯಾಗಿ ಕಾಣುತ್ತಿರಲಿಲ್ಲ. ಹೊರಟವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಾತ್ರ ಕೊನೆ ತಲುಪಿದರು. ಚಿನ್ನ ಗೆದ್ದ ಸ್ವಿಟ್ಜರ್ಲೆಂಡಿನ ಮಾರ್ಕೊ ಓಡರ್ಮಾಟ್‌ಗಿಂತ ಆರಿಫ್ 37.89 ಸೆಕೆಂಡು ಹಿಂದಿದ್ದರು, ಆದರೂ 45ನೆಯವರಾಗಿ ಮುಗಿಸಿದರು. ಅವರಿಗಿಂತ ಬಲಿಷ್ಠರಾದ ಎಷ್ಟೋ ಮಂದಿಯ ಹೆಸರಿನ ಮುಂದೆ ಸಮಯವೇ ಇಲ್ಲ. ಮುಗಿಸದ ಓಟಕ್ಕೆ ಅಂಕವಿಲ್ಲ.

ಅಂಕ ಹೆಚ್ಚಿದ್ದವರು ಕೊನೆಯಲ್ಲಿ ಹೊರಡುತ್ತಾರೆ. ಎಂಬತ್ತು ಮಂದಿ ಓಡಿದ ಮೇಲೆ ಪ್ರತಿ ಗೇಟಿನ ಕೆಳಗೂ ಹಿಮ ಕೊರೆದು ಗುಂಡಿ ಬಿದ್ದಿರುತ್ತದೆ, ನಿಮಗೆ ಸಿಗುವುದು ಅದೇ ದಾರಿ. ಆದರೂ ಹೊಸಬರು ಪ್ರತಿದಿನ ಬೆಳಿಗ್ಗೆ ಸಪಾಟು ಮಾಡಿದ ಹೊಸ ಹಿಮದ ಮೇಲೆ ಅಭ್ಯಾಸ ಮಾಡಿ, ಸ್ಪರ್ಧೆಯ ದಿನ ಗುಂಡಿಗಳನ್ನು ಕಂಡು ಕಂಗೆಡುತ್ತಾರೆ. ಅಭ್ಯಾಸದ ಕೊನೆಯ ಗಂಟೆಯಲ್ಲಿ ಗೇಟುಗಳನ್ನು ಬದಲಾಯಿಸಬೇಡಿ ಎಂದು ತರಬೇತುದಾರರನ್ನು ಕೇಳಿಕೊಳ್ಳಿ, ಎಲ್ಲರೂ ಓಡಿ ಕೆಟ್ಟ ಆ ದಾರಿಯಲ್ಲೇ ಮತ್ತೆ ಮತ್ತೆ ಇಳಿಯಿರಿ. ಸ್ಪರ್ಧೆಗೆ ಮುನ್ನ ದಾರಿ ಪರಿಶೀಲನೆಗೆ ಅವಕಾಶ ಕೊಡುತ್ತಾರೆ. ಆಗ ಗೇಟುಗಳ ಪಕ್ಕದಲ್ಲಿ ನಿಧಾನವಾಗಿ ಅಡ್ಡಜಾರುತ್ತ ಇಳಿದು, ಲಯ ಬದಲಾಗುವ ಜಾಗಗಳನ್ನೂ ಇಳಿಜಾರು ಕಡಿದಾಗುವ ಜಾಗಗಳನ್ನೂ ಕಣ್ಣು ಮುಚ್ಚಿದರೂ ಹೇಳುವಷ್ಟು ಮನನ ಮಾಡಿಕೊಳ್ಳಬೇಕು. ಸ್ಲಾಲಂನಲ್ಲಿ ಎರಡೂ ಸ್ಕೀಗಳ ತುದಿ ಮತ್ತು ಎರಡೂ ಪಾದಗಳು ಗೇಟಿನ ಗೆರೆಯನ್ನು ಸರಿಯಾದ ಕಡೆಯಿಂದ ದಾಟಬೇಕು, ಕಂಬ ಕಾಲುಗಳ ನಡುವೆ ಬಂದರೆ ಅನರ್ಹರು. ಗೊತ್ತಿದ್ದೂ ಮುಂದುವರಿದು ಉಳಿದ ದಾರಿ ಓಡುವುದರಲ್ಲಿ ಅರ್ಥವಿಲ್ಲ, ಅಪಾಯವೂ ಉಂಟು, ಹೊರಗೆ ಸರಿದುಬಿಡಬೇಕು.

ಋತುವಿನುದ್ದಕ್ಕೂ ಒಂದು ದಿನಚರಿ ಇಟ್ಟುಕೊಳ್ಳಿ: ಹಿಮದ ಮೇಲಿನ ದಿನಗಳು, ಓಡಿದ ಸ್ಪರ್ಧೆಗಳು, ಮುಗಿಸಿದವು, ವಿಜೇತರಿಗಿಂತ ಶೇಕಡಾ ಎಷ್ಟು ಹಿಂದೆ ಉಳಿದಿರಿ, ಪೆನಾಲ್ಟಿ ಎಷ್ಟಿತ್ತು, ಖರ್ಚಾದ ಹಣ. ಹಿಮದ ದಿನಗಳು ಹೆಚ್ಚಿದ ವರ್ಷದಲ್ಲಿ ಆ ಶೇಕಡಾವಾರು ಇಳಿದಿಲ್ಲವಾದರೆ ತರಬೇತಿಯ ಕ್ರಮದಲ್ಲೇ ಏನೋ ಸರಿಯಿಲ್ಲ, ಸ್ಪರ್ಧೆಗಳನ್ನು ಕಡಿಮೆ ಮಾಡಿ ಕಾರ್ವಿಂಗ್‌ಗೆ ಮರಳಬೇಕು. ಏಪ್ರಿಲ್ ಕೊನೆಗೆ ಈ ವಿವರಗಳನ್ನು ಎರಡು ಪುಟಗಳಲ್ಲಿ ಬರೆದು, ಮುಂದಿನ ವರ್ಷದ ವೇಳಾಪಟ್ಟಿ ಮತ್ತು ಆಯವ್ಯಯದ ಜೊತೆಗೆ ಒಕ್ಕೂಟಕ್ಕೂ ರಾಜ್ಯದ ಕ್ರೀಡಾ ಇಲಾಖೆಗೂ ನೆರವು ಕೊಟ್ಟವರಿಗೂ ಕಳುಹಿಸಿ, ಜುಲೈ 1ಕ್ಕೆ ಮುಂಚೆ ಹೊಸ ನೋಂದಣಿಗೆ ಬೇಕಾದ ಕಾಗದಗಳನ್ನು ಸಲ್ಲಿಸಿರಬೇಕು.